ಹತ್ತಿಯ ದ್ವೀಪಗಳಲ್ಲಿ ಮಾಲೀಕ ಮತ್ತು ಗುಲಾಮ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಗುಲಾಮಗಿರಿ ಎಂದ ಕೂಡಲೇ ನಮಗೆ ಅಮೆರಿಕ ಮತ್ತು ಅಬ್ರಹಾಂ ಲಿಂಕನ್ ನೆನಪಾಗುತ್ತಾರೆ. ಕೆರಿಬಿಯನ್ ದ್ವೀಪಗಳು ಎಂದರೆ ಕ್ರಿಕೆಟ್ ನೆನಪಾಗುತ್ತದೆ, ಹೆಚ್ಚೆಂದರೆ ಕಬ್ಬು. ಆದರೆ ಅಮೆರಿಕದ ದಕ್ಷಿಣ ರಾಜ್ಯಗಳು ಹತ್ತಿಗೆ ಹೆಸರಾಗುವ ಮೊದಲು, 1780ರ ದಶಕದಲ್ಲಿ, ಇಂಗ್ಲೆಂಡಿನ ಗಿರಣಿಗಳಿಗೆ ಹೋಗುತ್ತಿದ್ದ ಹತ್ತಿಯ ದೊಡ್ಡ ಪಾಲು ಕೆರಿಬಿಯನ್ ಪ್ರದೇಶದ್ದೇ ಆಗಿತ್ತು. ಆ ಹತ್ತಿಯನ್ನು ಬೆಳೆದವರು ಆಫ್ರಿಕಾದಿಂದ ಹಿಡಿದು ತಂದ ಜನ ಮತ್ತು ಅವರ ಮಕ್ಕಳು. ಇಂದು ನಾನು ಅವರ ಬಗ್ಗೆ ಮಾತನಾಡಲು ನಿಂತಿದ್ದೇನೆ.

ನಾನು ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ಶಿಕ್ಷಕ. ಆದ್ದರಿಂದ ಎರಡೂ ಭಾಷೆಗಳಲ್ಲಿರುವ ಐದು ಪದಗಳನ್ನು ಆರಿಸಿಕೊಂಡಿದ್ದೇನೆ. ಮಾಲೀಕ, ಗುಲಾಮ, ಕಿತಾಬು, ಅರ್ಜಿ, ಹಿಸಾಬು. ಐದೂ ಅರಬ್ಬಿ ಮೂಲದವು. ಫಾರ್ಸಿ ಮತ್ತು ಉರ್ದುವಿನ ದಾರಿಯಲ್ಲಿ ಕನ್ನಡಕ್ಕೆ ಬಂದು ನಮ್ಮ ಮನೆಯ ಮಾತುಗಳೇ ಆಗಿವೆ. ಈ ಐದು ಪದಗಳ ಮೂಲಕ ಒಂದೇ ದ್ವೀಪಸಮೂಹದ ಕಥೆಯನ್ನು ಹೇಳುತ್ತೇನೆ. ಅದರ ಹೆಸರು ಬಹಾಮಾಸ್.

ಮೊದಲನೆಯ ಪದ ಮಾಲೀಕ.

ಬಹಾಮಾಸ್ ದ್ವೀಪಗಳು ಅಮೆರಿಕದ ಫ್ಲೋರಿಡಾಕ್ಕೆ ಆಗ್ನೇಯದಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ಹರಡಿಕೊಂಡಿವೆ. 1492ರಲ್ಲಿ ಕೊಲಂಬಸ್ ಮೊದಲು ಕಾಲಿಟ್ಟದ್ದು ಇಲ್ಲಿಯೇ. ಆಗ ಅಲ್ಲಿ ಲುಕಾಯನ್ ಎಂಬ ಮೂಲನಿವಾಸಿಗಳಿದ್ದರು. ಸ್ಪೇನಿನವರು ಅವರನ್ನು ಗುಲಾಮರನ್ನಾಗಿ ಹಿಡಿದು ಬೇರೆ ದ್ವೀಪಗಳಿಗೆ ಸಾಗಿಸಿದರು. ಒಂದು ತಲೆಮಾರು ಕಳೆಯುವಷ್ಟರಲ್ಲಿ ದ್ವೀಪಗಳು ಖಾಲಿಯಾದವು. ಮುಂದೆ ಅವು ಬ್ರಿಟಿಷರ ಕೈಗೆ ಬಂದವು.

1783ರಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧ ಮುಗಿಯಿತು. ಅಲ್ಲಿ ಬ್ರಿಟಿಷ್ ದೊರೆಯ ಪಕ್ಷ ವಹಿಸಿದ್ದ ಜಮೀನುದಾರರು ಸೋತು ಊರು ಬಿಡಬೇಕಾಯಿತು. ಅವರಲ್ಲಿ ಅನೇಕರು ತಮ್ಮ ಗುಲಾಮರನ್ನು ಹಡಗಿಗೆ ತುಂಬಿಕೊಂಡು ಬಹಾಮಾಸ್‌ಗೆ ಬಂದರು. ಸುಮಾರು 4 ಸಾವಿರವಿದ್ದ ದ್ವೀಪಗಳ ಜನಸಂಖ್ಯೆ 1789ರ ಹೊತ್ತಿಗೆ 11 ಸಾವಿರದಷ್ಟಾಯಿತು. ಹೀಗೆ ಬಂದವರಿಗೆ ಸರಕಾರ ಜಮೀನು ಮಂಜೂರು ಮಾಡಿತು. ಕುಟುಂಬದ ಯಜಮಾನನಿಗೆ 40 ಎಕರೆ. ಅವನ ಜೊತೆಗಿರುವ ಪ್ರತಿಯೊಬ್ಬ ಬಿಳಿಯ ಅಥವಾ ಕರಿಯ ವ್ಯಕ್ತಿಯ ಲೆಕ್ಕದಲ್ಲಿ ಇನ್ನೂ 20 ಎಕರೆ.

ವಿದ್ಯಾರ್ಥಿಗಳೇ, ಈ ನಿಯಮವನ್ನು ಸ್ವಲ್ಪ ಗಮನವಿಟ್ಟು ನೋಡಿ. ಕರಿಯ ಮನುಷ್ಯನ ತಲೆಯನ್ನು ಎಣಿಸಿ ಜಮೀನು ಕೊಡುತ್ತಿದ್ದರು. ಆದರೆ ಆ ಜಮೀನು ಅವನಿಗಲ್ಲ, ಅವನ ಮಾಲೀಕನಿಗೆ. ಹತ್ತು ಗುಲಾಮರನ್ನು ತಂದವನಿಗೆ ಅವರ ಲೆಕ್ಕದಲ್ಲೇ 200 ಎಕರೆ. ನೂರು ಜನರನ್ನು ತಂದವನಿಗೆ 2000 ಎಕರೆ. ಪಟ್ಟಾ ಬರೆಯುವಾಗ ಅವರು ಮನುಷ್ಯರು, ಪಟ್ಟಾ ಕೈಗೆ ಬಂದ ಮೇಲೆ ಅವರು ಸಾಮಾನು.

ಇಂಥ ಮಾಲೀಕರಲ್ಲಿ ಒಂದು ಮನೆತನದ ಹೆಸರು ರೋಲ್. ಇಂಗ್ಲೆಂಡಿನ ಡೆವನ್ ಪ್ರಾಂತದ ದೊಡ್ಡ ಜಮೀನುದಾರ ಡೆನಿಸ್ ರೋಲ್ ಫ್ಲೋರಿಡಾದಲ್ಲಿದ್ದ ತನ್ನ ಗುಲಾಮರನ್ನು ಬಹಾಮಾಸ್‌ನ ಎಗ್ಸುಮಾ ದ್ವೀಪಕ್ಕೆ ಸಾಗಿಸಿದ. ಅಲ್ಲಿ ಅವನಿಗೆ ಸುಮಾರು 5 ಸಾವಿರ ಎಕರೆ ಸಿಕ್ಕಿತು. 1797ರಲ್ಲಿ ಅವನು ತೀರಿಕೊಂಡಾಗ ಆಸ್ತಿ ಮಗ ಜಾನ್ ರೋಲ್‌ಗೆ ಬಂತು. ಈ ಮಗ ಬ್ರಿಟಿಷ್ ಸಂಸತ್ತಿನಲ್ಲಿ ಕುಳಿತ ಪ್ರಭು. 1838ರಲ್ಲಿ ವಿಕ್ಟೋರಿಯಾ ರಾಣಿಯ ಪಟ್ಟಾಭಿಷೇಕದ ದಿನ ಮೆಟ್ಟಿಲು ಹತ್ತುವಾಗ ಉರುಳಿ ಬಿದ್ದ ವೃದ್ಧ ಪ್ರಭು ಎಂದು ಇತಿಹಾಸದಲ್ಲಿ ಅವನ ಹೆಸರಿದೆ. ಎಗ್ಸುಮಾದ ಹೊಲಗಳನ್ನು ಅವನು ಕಣ್ಣಾರೆ ನೋಡಲೇ ಇಲ್ಲ. ಏಜೆಂಟರು ಕಾಗದ ಬರೆಯುತ್ತಿದ್ದರು, ಅವನು ಇಂಗ್ಲೆಂಡಿನಲ್ಲಿ ಕುಳಿತು ಓದುತ್ತಿದ್ದ. ನೋಡದ ನೆಲಕ್ಕೂ ನೋಡದ ಜನಕ್ಕೂ ಕಾಗದದ ಬಲದಿಂದಲೇ ಒಬ್ಬ ಮಾಲೀಕನಾಗಿದ್ದ.

ಎರಡನೆಯ ಪದ ಗುಲಾಮ.

ಬಹಾಮಾಸ್‌ನ ನೆಲ ನಮ್ಮ ಎರೆಭೂಮಿಯಂಥದ್ದಲ್ಲ. ಸುಣ್ಣಕಲ್ಲಿನ ಮೇಲೆ ತೆಳ್ಳಗೆ ಮಣ್ಣು, ಅಷ್ಟೇ. ಗುಲಾಮರು ಮೊದಲು ಕಾಡು ಕಡಿದು ಸುಡಬೇಕು. ಕಲ್ಲಿನ ಸಂದುಗಳಲ್ಲಿ ಬೀಜ ಊರಬೇಕು. ಕಳೆ ತೆಗೆಯಬೇಕು. ಕಾಯಿ ಒಡೆದಾಗ ಒಂದೊಂದಾಗಿ ಹತ್ತಿ ಬಿಡಿಸಬೇಕು. ಆಮೇಲೆ ಅರಳೆಯಿಂದ ಕಾಳು ಬೇರೆ ಮಾಡಬೇಕು, ಕಸ ಆರಿಸಬೇಕು, ಮೂಟೆ ಕಟ್ಟಬೇಕು. ಜೋಸೆಫ್ ಈವ್ ಎಂಬ ಮಾಲೀಕ 1790ರ ಸುಮಾರಿಗೆ ಗಾಳಿಯಿಂದ ತಿರುಗುವ ಜಿನ್ನಿಂಗ್ ಯಂತ್ರವನ್ನು ಮಾಡಿದ. ಅಮೆರಿಕದ ಎಲಿ ವಿಟ್ನಿ ತನ್ನ ಯಂತ್ರವನ್ನು ಮಾಡುವುದಕ್ಕಿಂತ ಇದು ಮೊದಲಿನದು. ಈವ್‌ನ ಯಂತ್ರದಲ್ಲಿ ಎರಡು ಉರುಳೆಗಳ ನಡುವೆ ಅರಳೆ ಹಾದುಹೋಗಿ ಕಾಳು ಹಿಂದೆ ಉಳಿಯುತ್ತಿತ್ತು. ಆದರೆ ಗಿಡದಿಂದ ಹತ್ತಿ ಬಿಡಿಸಲು ಯಾವ ಯಂತ್ರವೂ ಇರಲಿಲ್ಲ. ಅದಕ್ಕೆ ಗಂಡಸರ, ಹೆಂಗಸರ, ಮಕ್ಕಳ ಬೆರಳುಗಳೇ ಬೇಕಿತ್ತು.

ಈ ಬೆಳೆ ಹೆಚ್ಚು ಕಾಲ ಬಾಳಲಿಲ್ಲ. 1788ರಲ್ಲಿ, ಮತ್ತೆ 1794ರಲ್ಲಿ ಕಂಬಳಿಹುಳುಗಳ ಹಾವಳಿ ಬಂದು ಬೆಳೆ ಹಾಳಾಯಿತು. ಕಾಡು ಸುಟ್ಟು ಬರಿದು ಮಾಡಿದ ತೆಳು ಮಣ್ಣು ಕೆಲವೇ ವರ್ಷಗಳಲ್ಲಿ ಸತ್ವ ಕಳೆದುಕೊಂಡಿತು. 1802-03ರಲ್ಲಿ ವೆಸ್ಟ್ ಇಂಡೀಸ್ ಸುತ್ತಿದ ಪ್ರವಾಸಿ ಡೇನಿಯಲ್ ಮೆಕಿನೆನ್, ಬಹಾಮಾಸ್‌ನ ಕ್ರೂಕೆಡ್ ದ್ವೀಪದಲ್ಲಿ ಪಾಳುಬಿದ್ದ ಹತ್ತಿ ತೋಟಗಳನ್ನು ಕಂಡು ತನ್ನ ಪುಸ್ತಕದಲ್ಲಿ ಬರೆದಿದ್ದಾನೆ.

ಹತ್ತಿ ಹೋಯಿತು. ಗುಲಾಮಗಿರಿ ಹೋಗಲಿಲ್ಲ. ಬೆಳೆ ಇಲ್ಲದ ಮಾಲೀಕನ ಕೈಯಲ್ಲಿ ಉಳಿದ ಬೆಲೆಬಾಳುವ ಆಸ್ತಿ ಎಂದರೆ ಮನುಷ್ಯರು ಮಾತ್ರ. ನೆಲವನ್ನು ಬೇರೆ ಕಡೆಗೆ ಸಾಗಿಸಲು ಬರುವುದಿಲ್ಲ, ಮನುಷ್ಯರನ್ನು ಸಾಗಿಸಬಹುದು. ಕೆಲವರನ್ನು ಅಮೆರಿಕದ ಜಾರ್ಜಿಯಾಕ್ಕೆ ಮಾರಿದರು. ಮುಂದೆ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಟ್ರಿನಿಡಾಡ್ ಮತ್ತು ಡೆಮೆರಾರಾದ ತೋಟಗಳಿಗೆ ಸಾಗಿಸಿದರು. ಹೀಗೆ ಹೋದವರಿಗೆ ಹಿಂದೆ ಉಳಿದ ಬಂಧುಗಳನ್ನು ಮತ್ತೆ ಕಾಣುವ ದಾರಿ ಇರಲಿಲ್ಲ.

ಮೂರನೆಯ ಪದ ಕಿತಾಬು.

ಬಹಾಮಾಸ್‌ನಿಂದ ಜಾರ್ಜಿಯಾಕ್ಕೆ ಮೊದಲು ಹೋದದ್ದು ಹತ್ತಿಯ ಬೀಜ, 1780ರ ದಶಕದ ಮಧ್ಯದಲ್ಲಿ. ಅದು ಉದ್ದ ಎಳೆಯ ನಯವಾದ ಹತ್ತಿ. ಜಾರ್ಜಿಯಾದ ಕಡಲತೀರದ ದ್ವೀಪಗಳಲ್ಲಿ ಅದು ಚೆನ್ನಾಗಿ ಒಗ್ಗಿ 'ಸೀ ಐಲ್ಯಾಂಡ್' ಹತ್ತಿ ಎಂದು ಹೆಸರಾಯಿತು. ಈ ಜಾತಿಗೆ 1753ರಲ್ಲಿ ವಿಜ್ಞಾನಿ ಲಿನೇಯಸ್ ಕೊಟ್ಟ ಹೆಸರು ಗಾಸಿಪಿಯಂ ಬಾರ್ಬಡೆನ್ಸ್, ಅಂದರೆ ಬಾರ್ಬಡೋಸ್ ದ್ವೀಪದ ಹತ್ತಿ. ನಮ್ಮ ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ.ಎಚ್. ಕತರಕಿಯವರು 1972ರಲ್ಲಿ ಹೊರತಂದ ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿಯನ್ನು ಇಲ್ಲಿರುವ ರೈತ ಕುಟುಂಬದವರು ಬಲ್ಲರು. ಅದರ ತಂದೆ ತಾಯಿ ತಳಿಗಳಲ್ಲಿ ಒಂದು ಇದೇ ಬಾರ್ಬಡೆನ್ಸ್ ಜಾತಿಯದು. ಕೆರಿಬಿಯನ್ ದ್ವೀಪದ ಹೆಸರು ಹೊತ್ತ ಹತ್ತಿ ನಮ್ಮ ಹೊಲದವರೆಗೂ ಬಂದಿದೆ.

ಜಾರ್ಜಿಯಾಕ್ಕೆ ಬೀಜದ ಹಿಂದೆಯೇ ಅದನ್ನು ಬೆಳೆಯಬಲ್ಲ ಮನುಷ್ಯರೂ ಹೋದರು. ಅವರಲ್ಲಿ ಒಬ್ಬರು ಬಿಲಾಲಿ ಮುಹಮ್ಮದ್. ಪಶ್ಚಿಮ ಆಫ್ರಿಕಾದ, ಇಂದಿನ ಗಿನಿ ದೇಶದ, ಫೂಟಾ ಜಲ್ಲೋನ್ ಪ್ರದೇಶದ ತಿಂಬೋ ಊರಿನವರು. ಹುಡುಗನಾಗಿದ್ದಾಗಲೇ ಸೆರೆಯಾಗಿ ಬಹಾಮಾಸ್‌ಗೆ ಬಂದರು. 1802ರ ಸುಮಾರಿಗೆ ಜಾರ್ಜಿಯಾದ ಸಪೆಲೋ ದ್ವೀಪದ ಥಾಮಸ್ ಸ್ಪಾಲ್ಡಿಂಗ್ ಎಂಬ ಮಾಲೀಕ ಅವರನ್ನು ಕೊಂಡುಕೊಂಡ. ಅಲ್ಲಿನ ಹತ್ತಿ ತೋಟದಲ್ಲಿ ಅವರು ನೂರಾರು ಗುಲಾಮರ ಮೇಲ್ವಿಚಾರಕರಾದರು.

ಬಿಲಾಲಿ 13 ಪುಟಗಳ ಒಂದು ಹಸ್ತಪ್ರತಿ ಬಿಟ್ಟು ಹೋಗಿದ್ದಾರೆ. ಅರಬ್ಬಿ ಲಿಪಿಯ ಆ ಪುಟಗಳನ್ನು ಬಹಳ ಕಾಲ ಜನ ಅವರ ದಿನಚರಿ ಎಂದೇ ತಿಳಿದಿದ್ದರು. 1930ರ ದಶಕದ ಕೊನೆಯಲ್ಲಿ ಭಾಷಾವಿಜ್ಞಾನಿ ಜೋಸೆಫ್ ಗ್ರೀನ್‌ಬರ್ಗ್ ಅದರ ಪ್ರತಿಯನ್ನು ನೈಜೀರಿಯಾದ ವಿದ್ವಾಂಸರಿಗೆ ತೋರಿಸಿದರು. ಅದು ದಿನಚರಿಯಲ್ಲ, 'ರಿಸಾಲಾ' ಎಂಬ ಗ್ರಂಥದ ಭಾಗಗಳು ಎಂದು ತಿಳಿಯಿತು. 10ನೇ ಶತಮಾನದಲ್ಲಿ ಕೈರುವಾನಿನ ಇಬ್ನ್ ಅಬೀ ಜೈದ್ ಅವರು ಬರೆದ, ಮಾಲಿಕಿ ಪಂಥದ ಮಕ್ಕಳು ಮದರಸಾದಲ್ಲಿ ಕಲಿಯುವ ಪಾಠಪುಸ್ತಕ ಅದು. ವುಜೂ ಮಾಡುವುದು ಹೇಗೆ, ನಮಾಜಿನ ಹೊತ್ತು ಯಾವುದು ಎಂಬಂಥ ವಿಷಯಗಳು. ಬರವಣಿಗೆಯಲ್ಲಿ ತಪ್ಪುಗಳಿವೆ. ಶಿಕ್ಷಕನಾಗಿ ನನಗೆ ಆ ತಪ್ಪುಗಳೇ ಹೆಚ್ಚು ಮುಖ್ಯವಾಗಿ ಕಾಣುತ್ತವೆ. ಎದುರಿಗೆ ಪುಸ್ತಕವಿಲ್ಲ, ಉಸ್ತಾದರಿಲ್ಲ. ಹುಡುಗನಾಗಿದ್ದಾಗ ಕಲಿತ ಪಾಠವನ್ನು, ಸಾಗರದ ಆಚೆ, ವರ್ಷಗಳ ನಂತರ, ನೆನಪಿನಿಂದ ಬರೆದ ಕೈ ಅದು. ಆ ಹಸ್ತಪ್ರತಿ ಇಂದು ಜಾರ್ಜಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ.

ಅವರ ಹೆಣ್ಣುಮಕ್ಕಳಲ್ಲಿ ಫಾತಿಮಾ, ಮದೀನಾ, ಬಿಂತು ಎಂಬ ಹೆಸರುಗಳಿದ್ದವು. 1930ರ ದಶಕದಲ್ಲಿ ಅವರ ವಂಶದವರನ್ನು ಮಾತನಾಡಿಸಿದಾಗ, ಅಜ್ಜಿಯರು ಅಕ್ಕಿಯ ಉಂಡೆ ಮಾಡಿ 'ಸರಕ' ಎಂದು ಹೇಳಿ ಮಕ್ಕಳಿಗೆ ಹಂಚುತ್ತಿದ್ದರು ಎಂದು ನೆನಪಿಸಿಕೊಂಡರು. ಅದು 'ಸದಕಾ' ಎಂಬ ಪದವೇ ಎಂದು ವಿದ್ವಾಂಸರು ಹೇಳುತ್ತಾರೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಇದನ್ನು ಕೇಳಿ ನಾವು ಹೆಮ್ಮೆಪಟ್ಟು ಸುಮ್ಮನಾದರೆ ಅರ್ಧ ಸತ್ಯ ಹೇಳಿದಂತೆ. ಬಿಲಾಲಿಯವರ ಫೂಟಾ ಜಲ್ಲೋನ್ ಮುಸ್ಲಿಮರ ರಾಜ್ಯವೇ ಆಗಿತ್ತು. ಆ ರಾಜ್ಯದಲ್ಲೂ ಗುಲಾಮರಿದ್ದರು. ಯುದ್ಧದಲ್ಲಿ ಸೆರೆಸಿಕ್ಕವರನ್ನು ಆ ರಾಜ್ಯ ಕರಾವಳಿಯ ವ್ಯಾಪಾರಿಗಳಿಗೆ ಮಾರುತ್ತಿತ್ತು. ಬಿಲಾಲಿಯವರೂ ಸಪೆಲೋದಲ್ಲಿ ಮಾಲೀಕನ ಪರವಾಗಿ ಬೇರೆ ಗುಲಾಮರಿಂದ ಕೆಲಸ ತೆಗೆಸಿದವರು. ನಮ್ಮ ದಖ್ಖನಿನ ಸುಲ್ತಾನರ ಕಾಲದಲ್ಲೂ ಆಫ್ರಿಕಾದ ಹಬ್ಶಿಗಳನ್ನು ಗುಲಾಮರಾಗಿ ತಂದು ಮಾರುತ್ತಿದ್ದರು. ಮಲಿಕ್ ಅಂಬರ್ ಹಾಗೆಯೇ ಬಂದವರು. ಗುಲಾಮಗಿರಿಯನ್ನು ಬೇರೆಯವರ ಪಾಪ ಎಂದು ಬೆರಳು ತೋರಿಸಲು ಈ ಇತಿಹಾಸವನ್ನು ಓದಬೇಕಾಗಿಲ್ಲ. ಒಬ್ಬ ಮನುಷ್ಯ ಇನ್ನೊಬ್ಬನ ಮಾಲೀಕನಾಗಲು ಏನೇನು ಬೇಕಾಯಿತು ಎಂಬುದನ್ನು ಅರಿಯಲು ಓದಬೇಕು.

ನಾಲ್ಕನೆಯ ಪದ ಅರ್ಜಿ.

ಮತ್ತೆ ಬಹಾಮಾಸ್‌ನ ಎಗ್ಸುಮಾ ದ್ವೀಪಕ್ಕೆ ಬರೋಣ. ಅಲ್ಲಿ ಹತ್ತಿ ನಿಂತು ಮೂವತ್ತು ವರ್ಷವಾಗಿತ್ತು. ರೋಲ್ ಪ್ರಭುವಿನ ಗುಲಾಮರು ತಮ್ಮ ಊಟಕ್ಕೆ ಜೋಳ, ಬೇಳೆ, ಗೆಣಸು ಬೆಳೆದುಕೊಂಡು, ಗುಡಿಸಲು ಕಟ್ಟಿಕೊಂಡು ಬದುಕುತ್ತಿದ್ದರು. ಮಾಲೀಕನಿಗೆ ಲಾಭವಿರಲಿಲ್ಲ. 1830ರ ಆರಂಭದಲ್ಲಿ ಏಜೆಂಟ್ ಒಂದು ಹುಕುಂ ತಂದ. ಎಪ್ಪತ್ತಕ್ಕೂ ಹೆಚ್ಚು ಜನ ಕ್ಯಾಟ್ ದ್ವೀಪಕ್ಕೆ ಹೊರಡಬೇಕು. ಸಿದ್ಧರಾಗಲು ಮೂರು ದಿನ ಮಾತ್ರ. ನಿಂತ ಬೆಳೆಯನ್ನು ಕೊಯ್ಯಲೂ ಸಮಯವಿಲ್ಲ. ಬಂಧುಗಳಿಂದ ದೂರ ಹೋಗಬೇಕು.

ಪಾಂಪೇ ಎಂಬ 32 ವರ್ಷದ ಗುಲಾಮ 44 ಜನರನ್ನು ಕರೆದುಕೊಂಡು ಕಾಡು ಸೇರಿದ. ಐದು ವಾರ ಅಡಗಿದ್ದರು. ಆಹಾರ ಮುಗಿದಾಗ ಅವರು ಯಾರ ಮೇಲೂ ಕತ್ತಿ ಎತ್ತಲಿಲ್ಲ. ರೋಲ್‌ನ ಉಪ್ಪು ಸಾಗಿಸುವ ದೋಣಿಯನ್ನು ತೆಗೆದುಕೊಂಡು ರಾಜಧಾನಿ ನಸ್ಸಾವಿಗೆ ಹೊರಟರು. ಗವರ್ನರ್ ಸರ್ ಜೇಮ್ಸ್ ಕಾರ್ಮೈಕಲ್ ಸ್ಮಿತ್ ಗುಲಾಮರ ಕಷ್ಟ ಕೇಳುವವನು ಎಂದು ಅವರ ಕಿವಿಗೆ ಬಿದ್ದಿತ್ತು. ಓದು ಬರಹವಿಲ್ಲದ ಆ ಜನ ತಮ್ಮ ಅರ್ಜಿಯನ್ನು ಬಾಯಲ್ಲಿ ಹೊತ್ತುಕೊಂಡು ಸಮುದ್ರ ದಾಟಿದರು ಎನ್ನಬಹುದು.

ಗವರ್ನರನನ್ನು ಕಾಣುವ ಮೊದಲೇ ಅವರನ್ನು ಹಿಡಿದು ಸೆರೆಗೆ ಹಾಕಿದರು. ಎಂಟು ಮಂದಿ ಹೆಂಗಸರೂ ಸೇರಿದಂತೆ ಹಲವರಿಗೆ ಚಾಟಿ ಏಟು ಬಿತ್ತು. ವಿಷಯ ತಿಳಿದ ಗವರ್ನರ್ ಸಿಟ್ಟಾದ; ಶಿಕ್ಷೆ ಕೊಟ್ಟ ಅಧಿಕಾರಿಗಳನ್ನು ತೆಗೆದುಹಾಕಿ, ಆ ಜನರನ್ನು ಕ್ಯಾಟ್ ದ್ವೀಪಕ್ಕಲ್ಲ, ಎಗ್ಸುಮಾಕ್ಕೇ ಕಳುಹಿಸಿದ. ಊರಿಗೆ ಮರಳಿದವರನ್ನು ಕಂಡು ಅಲ್ಲಿನವರಿಗೂ ಧೈರ್ಯ ಬಂತು. ಕೆಲಸ ಮಾಡುವುದಿಲ್ಲ ಎಂದರು. ಆಗ ಅದೇ ಸರಕಾರ ಸೈನಿಕರನ್ನು ಕಳುಹಿಸಿತು. ಪಾಂಪೇಗೆ ಎಲ್ಲರ ಎದುರು 39 ಚಾಟಿ ಏಟು ಕೊಟ್ಟರು. ಆದರೂ ಒಂದು ಮಾತು ಉಳಿಯಿತು. ರೋಲ್‌ನ ಜನರನ್ನು ಅವರ ಇಷ್ಟಕ್ಕೆ ವಿರುದ್ಧವಾಗಿ ಬೇರೆ ದ್ವೀಪಕ್ಕೆ ಸಾಗಿಸಲು ಆಗಲಿಲ್ಲ. ಹಿಂದೆ ಗುಲಾಮರನ್ನು ಹರಾಜು ಹಾಕುತ್ತಿದ್ದ ನಸ್ಸಾವಿನ ಕಟ್ಟಡದಲ್ಲಿ 1992ರಲ್ಲಿ ಒಂದು ವಸ್ತುಸಂಗ್ರಹಾಲಯ ತೆರೆಯಿತು. ಅದಕ್ಕೆ ಪಾಂಪೇಯ ಹೆಸರಿಟ್ಟಿದ್ದಾರೆ.

ಐದನೆಯ ಪದ ಹಿಸಾಬು.

1834ರ ಆಗಸ್ಟ್ 1ರಂದು ಬ್ರಿಟಿಷ್ ಕೆರಿಬಿಯನ್‌ನಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಗೊಂಡಿತು. ಆದರೆ ಹೆಚ್ಚಿನ ಕಡೆ 'ಅಪ್ರೆಂಟಿಸ್' ಎಂಬ ಹೆಸರಿನಲ್ಲಿ ಹಳೆಯ ಮಾಲೀಕನಿಗೇ 1838ರವರೆಗೆ ದುಡಿಯಬೇಕಾಯಿತು. ಸರಕಾರ ಪರಿಹಾರವೆಂದು 2 ಕೋಟಿ ಪೌಂಡು ಕೊಟ್ಟಿತು. ಅದು ಆ ಕಾಲದ ಬ್ರಿಟಿಷ್ ಸರಕಾರದ ಒಂದು ವರ್ಷದ ವೆಚ್ಚದಲ್ಲಿ ಸುಮಾರು ಶೇಕಡಾ 40ರಷ್ಟು ಮೊತ್ತ. ಯಾರಿಗೆ ಕೊಟ್ಟಿತು? ಏಟು ತಿಂದವರಿಗಲ್ಲ, ಮಾಲೀಕರಿಗೆ. ಬಿಡುಗಡೆಯಾದ ಸುಮಾರು 8 ಲಕ್ಷ ಜನರಿಗೆ ಒಂದು ಪೆನ್ನಿಯೂ ಸಿಗಲಿಲ್ಲ.

ಒಬ್ಬ ಮನುಷ್ಯನಿಗೆ ಎಷ್ಟು ಎಂಬುದನ್ನೂ ಲೆಕ್ಕ ಹಾಕಿದ್ದರು. ನೆಲ ಸವೆದ ಬಹಾಮಾಸ್‌ನಲ್ಲಿ ತಲೆಗೆ ಸರಾಸರಿ ಸುಮಾರು 12 ಪೌಂಡು. ನೆಲ ಫಲವತ್ತಾಗಿದ್ದ ಬ್ರಿಟಿಷ್ ಗಯಾನಾದಲ್ಲಿ 50 ಪೌಂಡಿಗೂ ಹೆಚ್ಚು. ಅದೇ ಮನುಷ್ಯ, ಅದೇ ಎರಡು ಕೈ. ನಿಂತ ನೆಲ ಬೇರೆಯಾದ್ದರಿಂದ ಬೆಲೆ ಬೇರೆ. ರೋಲ್ ಪ್ರಭು ಎಗ್ಸುಮಾದ 370ಕ್ಕೂ ಹೆಚ್ಚು ಜನರ ಲೆಕ್ಕದಲ್ಲಿ 4 ಸಾವಿರ ಪೌಂಡಿಗೂ ಮಿಕ್ಕಿ ಪಡೆದ. ಈ ಪರಿಹಾರಕ್ಕಾಗಿ ಸರಕಾರ ಎತ್ತಿದ ಸಾಲದ ಕೊನೆಯ ಕಂತು ತೀರಿದ್ದು 2015ರಲ್ಲಿ. ಅಂದರೆ ಬಿಡುಗಡೆಯಾದವರ ಮೊಮ್ಮಕ್ಕಳ ಮಕ್ಕಳು ಬ್ರಿಟನ್ನಿನಲ್ಲಿ ನೆಲೆಸಿ ತೆರಿಗೆ ಕಟ್ಟಿದ್ದರೆ, ಆ ತೆರಿಗೆಯೂ ಈ ಸಾಲಕ್ಕೆ ಹೋಗಿದೆ.

ಪರಿಹಾರದ ಆ ದಾಖಲೆಗಳು ಉಳಿದಿವೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಇತಿಹಾಸಕಾರರು ಅವನ್ನು ಒಂದೊಂದಾಗಿ ಓದಿ, 2013ರಲ್ಲಿ ಮಾಲೀಕರ ಹೆಸರುಗಳನ್ನು ಎಲ್ಲರೂ ನೋಡುವಂತೆ ಪ್ರಕಟಿಸಿದರು. ಸಂಸತ್ ಸದಸ್ಯರು, ಪಾದ್ರಿಗಳು, ವಿಧವೆಯರು, ವ್ಯಾಪಾರಿಗಳು, ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ. ಮಾಲೀಕರು ಹಣ ಪಡೆಯಲು ಬರೆಸಿದ ಕಾಗದವೇ ಇಂದು ಅವರ ವಿರುದ್ಧ ಸಾಕ್ಷಿಯಾಗಿ ನಿಂತಿದೆ.

ಎಗ್ಸುಮಾದಲ್ಲಿ ಏನಾಯಿತು? ಬಿಡುಗಡೆಯಾದವರು ರೋಲ್ ಎಂಬ ಹೆಸರನ್ನೇ ತಮ್ಮ ಮನೆತನದ ಹೆಸರಾಗಿ ಇಟ್ಟುಕೊಂಡು ಅದೇ ನೆಲದಲ್ಲಿ ಉಳಿದರು. ಪ್ರಭುವೇ ನೆಲವನ್ನು ನಮಗೆ ಬಿಟ್ಟುಕೊಟ್ಟ ಎಂಬುದು ಅಲ್ಲಿನವರ ನಂಬಿಕೆ. ಅಂಥ ದಾನಪತ್ರ ಇತಿಹಾಸಕಾರರಿಗೆ ಸಿಕ್ಕಿಲ್ಲ. ಆದರೂ ರೋಲ್‌ವಿಲ್, ರೋಲ್‌ಟೌನ್ ಮುಂತಾದ ಊರುಗಳ ನೆಲವನ್ನು ಆ ವಂಶದವರು ಇಂದಿಗೂ ಸಾಮೂಹಿಕವಾಗಿ ಹೊಂದಿದ್ದಾರೆ. ಒಂದು ಕಾಲಕ್ಕೆ ಕಾಗದವಿದ್ದವನು ದುಡಿಯದೆ ಮಾಲೀಕನಾದ. ಇಲ್ಲಿ ದಾನಪತ್ರವಿಲ್ಲದವರು ದುಡಿದು, ಬಿಡದೆ ನಿಂತು, ನೆಲವನ್ನು ತಮ್ಮದಾಗಿಸಿಕೊಂಡರು.

ಪ್ರೀತಿಯ ವಿದ್ಯಾರ್ಥಿಗಳೇ, ಇದರಿಂದ ನಾವು ತಿಳಿಯಬೇಕಾದದ್ದು ಒಂದೇ ಮಾತು. ಗುಲಾಮಗಿರಿ ಬರೀ ಚಾಟಿಯಿಂದ ನಡೆಯಲಿಲ್ಲ. ಚಾಟಿ ಹಿಡಿದವರು ಕೆಲವೇ ಜನ. ಅದನ್ನು ನಡೆಸಿದ್ದು ಪಟ್ಟಾ, ರಿಜಿಸ್ಟರು, ಹಿಸಾಬಿನ ಪುಸ್ತಕ, ರುಜು. ಅವನ್ನು ಬರೆದವರು ಚೆನ್ನಾಗಿ ಓದಿದ ಸಭ್ಯ ಜನ. ಹೀಗಾಗಿ ಓದು ತಾನಾಗಿಯೇ ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುತ್ತದೆ ಎಂದು ಈ ವೇದಿಕೆಯಿಂದ ಹೇಳಲು ನನಗೆ ಧೈರ್ಯವಿಲ್ಲ. ಓದು ಮನುಷ್ಯನ ಕೈಗೆ ಬಲ ಕೊಡುತ್ತದೆ. ಆ ಬಲದಿಂದ ಒಬ್ಬನು ತಲೆಗೆ 12 ಪೌಂಡು ಎಂದು ಬರೆಯಬಹುದು. ಇನ್ನೊಬ್ಬರು ಬಿಲಾಲಿಯವರಂತೆ, ತಮ್ಮನ್ನು ಮಾರಿದವರಿಗೆ ಮಾರಲಾಗದ ಒಂದು ಪಾಠವನ್ನು ಉಳಿಸಿಕೊಳ್ಳಬಹುದು.

ನಮ್ಮ ಸಂಘ ವಿದ್ಯೆಯ ಸಂಘ. ಇಲ್ಲಿಂದ ಓದಿ ಹೋಗುವ ನೀವು ನಾಳೆ ಗುಮಾಸ್ತರು, ಅಧಿಕಾರಿಗಳು, ವಕೀಲರು, ವ್ಯಾಪಾರಸ್ಥರು ಆಗುತ್ತೀರಿ. ನಿಮ್ಮ ಮುಂದೆ ಕಾಗದ ಬರುತ್ತದೆ. ಅದರಲ್ಲಿ ಕೂಲಿಕಾರರ ಹೆಸರುಗಳಿರುತ್ತವೆ, ಅಂಕಿಗಳಿರುತ್ತವೆ. ರುಜು ಹಾಕುವ ಮೊದಲು ಈ ಅಂಕಿಯ ಹಿಂದೆ ಯಾರಿದ್ದಾರೆ, ಅವರ ಹಕ್ಕು ಎಲ್ಲಿ ಬರೆದಿದೆ ಎಂದು ಒಮ್ಮೆ ಕೇಳಿಕೊಳ್ಳಿ. ಓದಲು ಬಾರದವರೊಬ್ಬರು ನಿಮ್ಮ ಮೇಜಿನ ಮುಂದೆ ಬಾಯಿಮಾತಿನ ಅರ್ಜಿ ತಂದು ನಿಂತರೆ, ನಸ್ಸಾವಿನ ದಡಕ್ಕೆ ಬಂದ ಆ ಉಪ್ಪಿನ ದೋಣಿಯನ್ನು ನೆನೆಯಿರಿ. ಅವರನ್ನು ಕೂರಿಸಿ, ಅವರ ಮಾತನ್ನು ಪೂರ್ತಿ ಕೇಳಿ ಬರೆದುಕೊಳ್ಳಿ.